ಕರೆಂಟ್ ಗಾಡಿಯ ಹಲ್ಲು ನೋಡಿದ್ದು

ಅಟ್ಟದಿಂದ ಹಳೆಯ ಹಂಡೆ ಇಳಿಸಲು ಹೋದವನಿಗೆ ಅದರೊಳಗೆ ಒಂದು ಕಪ್ಪು ಡಬ್ಬಿ ಸಿಕ್ಕಿತು. ಇಟ್ಟಿಗೆಯಷ್ಟು ಗಾತ್ರ. ಒಂದು ತುದಿಗೆ ಗೋಡೆಗೆ ಚುಚ್ಚುವ ಪ್ಲಗ್ಗು, ಇನ್ನೊಂದು ತುದಿಗೆ ಗಾಡಿಗೆ ಚುಚ್ಚುವ ಪಿನ್ನು, ನೆತ್ತಿಯ ಮೇಲೆ ಎರಡು ಪುಟಾಣಿ ದೀಪ. ನಮ್ಮ ಕರೆಂಟ್ ಗಾಡಿಯ ಚಾರ್ಜರು! ಗಾಡಿ ಹೋಗಿ ಕೆಲವು ವರ್ಷಗಳಾದವು, ಇದು ಮಾತ್ರ ಹಂಡೆಯಲ್ಲಿ ಬೆಚ್ಚಗೆ ಉಳಿದುಕೊಂಡಿದೆ. ಧೂಳು ಒರೆಸಿ ಗೋಡೆಗೆ ಚುಚ್ಚಿದೆ. ಹಸಿರು ದೀಪ ಹತ್ತಿತು. ಆ ಕಡೆಯ ತುದಿಯಲ್ಲಿ ಗಾಡಿಯೇ ಇಲ್ಲದಿದ್ದರೂ 'ಎಲ್ಲ ಭರ್ತಿಯಾಗಿದೆ' ಎಂದು ಹೇಳುವ ಆ ದೀಪ ನನಗೆ ಥೇಟು ನನ್ನ ನೆನಪಿನ ಹಾಗೆಯೇ ಕಂಡಿತು.

ಅಂತೂ ಬರೆಯಲು ಕೂತೆ. 'ಅದೊಂದು ನೀಲಿ ಬಣ್ಣದ ಗಾಡಿ' ಎಂಬುದು ಮೊದಲ ಸಾಲು. ಬೆನ್ನ ಹಿಂದೆ ನಿಂತು ಕಾಫಿ ಕುಡಿಯುತ್ತಿದ್ದ ಹೆಂಡತಿ ರತ್ನ ಅದನ್ನು ಓದಿದಳು.

"ಮೆರೂನ್ ಕಣ್ರೀ."

"ನೀಲಿ."

"ಅಂಗಡೀಲಿ ನಿಮ್ಗೆ ಇಷ್ಟ ಆಗಿದ್ದು ನೀಲಿ. ತಗೊಂಡಿದ್ದು ಮೆರೂನು. ನನ್ನ ಗೌರಿ ಹಬ್ಬದ ಸೀರೆಗೆ ಮ್ಯಾಚಿಂಗು ಅಂತ ನೀವೇ ಹೇಳಿದ್ರಿ."

ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ಬದುಕಿದವನು. ಎಲ್ಲಕ್ಕಿಂತ ಚೆನ್ನಾಗಿ ಅಚ್ಚಾದ ಸಾಲಿನಲ್ಲೇ ತಪ್ಪು ಹಾಯಾಗಿ ಮಲಗಿರುತ್ತದೆ ಎಂಬುದು ಆ ಕೆಲಸ ಕಲಿಸಿದ ಪಾಠ. ಆದ್ದರಿಂದ ಬಣ್ಣದ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ನಿಮಗೆ ಬೇಕಾದ್ದನ್ನು ತುಂಬಿಕೊಳ್ಳಿ. ಮುಂದೆಯೂ ರತ್ನ ಬಂದು ತಿದ್ದಿದರೆ ನಾನು ಬರೆದದ್ದನ್ನೂ ಉಳಿಸುತ್ತೇನೆ, ಅವಳು ತಿದ್ದಿದ್ದನ್ನೂ ಉಳಿಸುತ್ತೇನೆ.

ಗಾಡಿಗಿಂತ ಮೊದಲು ಹಿಂದಿನ ಸೀಟಿನ ವಿಷಯ ಹೇಳಬೇಕು. ನಾನು ಹುಟ್ಟಿನಿಂದಲೇ ಹಿಂದೆ ಕೂರುವವನು. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿ ಹಾಕಿ ನನ್ನನ್ನು ಕೂರಿಸುತ್ತಿದ್ದರು. ಗೋಣಿ ಜಾರಿದಾಗಲೆಲ್ಲ ಕ್ಯಾರಿಯರಿನ ಕ್ಲಿಪ್ಪು ತೊಡೆ ಕಚ್ಚುತ್ತಿತ್ತು. ಎದುರಿಗೆ ಅಪ್ಪನ ಬೆನ್ನು, ಬಾರ್ ಸೋಪಿನ ವಾಸನೆ. ಮುಂದೆ ಏನು ಬರುತ್ತಿದೆ ಎಂಬುದನ್ನು ಅವರ ಭುಜ ನೋಡಿ ತಿಳಿಯಬೇಕು. ಬಿಗಿಯಾದರೆ ಹಸು, ಸಡಿಲವಾದರೆ ಇಳಿಜಾರು. ಹಿಂದೆ ಕೂತವರಿಗೆ ಊರು ಪಕ್ಕದಿಂದ ಕಾಣುತ್ತದೆ. ಮೈಸೂರಿನ ಯಾವ ಕಾಂಪೌಂಡಿನ ಮೇಲೆ ಯಾವ ಬೆಕ್ಕು ಮಲಗುತ್ತದೆ, ಯಾವ ಮಹಡಿಯಲ್ಲಿ ಹಪ್ಪಳ ಒಣಗುತ್ತದೆ ಎಂದು ಕೇಳಿ, ಹೇಳುತ್ತೇನೆ. ಯಾವ ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳಬೇಡಿ.

ಸೈಕಲ್ ಕಲಿಯಲಿಲ್ಲವೇ ಎನ್ನುತ್ತೀರಿ. ಕಲಿತೆ, ಬಿದ್ದೆ, ಬಿಟ್ಟೆ. ಬಿದ್ದದ್ದು ಚರಂಡಿಗೋ ಹೂವಿನವಳ ಬುಟ್ಟಿಗೋ ಎಂಬುದಕ್ಕೆ ನಮ್ಮ ಮನೆಯಲ್ಲಿ ಎರಡು ಪಾಠಾಂತರಗಳಿವೆ. ಹೂವಿನ ಬುಟ್ಟಿ ನನ್ನ ಪಾಠ.

ತೊಂಬತ್ತರ ದಶಕದಲ್ಲಿ ಮದುವೆಯಾಯಿತು. ರತ್ನ ಶಾಲೆಯಲ್ಲಿ ಟೀಚರು, ಮದುವೆಗೆ ಮುಂಚೆಯೇ ಅವಳಿಗೊಂದು ಮೊಪೆಡ್ ಇತ್ತು. ಮನೆ ರಾಮಕೃಷ್ಣನಗರದಲ್ಲಿ, ನನ್ನ ಮುದ್ರಣಾಲಯ ನಜರ್‌ಬಾದಿನಲ್ಲಿ. ಬೆಳಿಗ್ಗೆ ನನ್ನನ್ನು ಡ್ರಾಪ್ ಮಾಡಿ ಅವಳು ಶಾಲೆಗೆ ಹೋಗುತ್ತಿದ್ದಳು. ಹೆಂಡತಿ ಮುಂದೆ, ಗಂಡ ಹಿಂದೆ, ಗಂಡನ ತೊಡೆಯ ಮೇಲೆ ಎರಡು ಊಟದ ಡಬ್ಬಿ. ಆ ಕಾಲದ ಮೈಸೂರಿಗೆ ಅದೊಂದು ಬಿಟ್ಟಿ ನಾಟಕ. ಒಮ್ಮೆ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ಕತ್ತು ಹೊರಗೆ ಹಾಕಿ ಕೇಳಿದರು:

"ಮೇಡಂ, ಪಾರ್ಸಲ್ ಎಲ್ಲಿಗೆ?"

"ನಜರ್‌ಬಾದಿಗೆ," ಎಂದಳು ರತ್ನ, ತಿರುಗಿಯೂ ನೋಡದೆ. "ಒಡೆಯೋ ಸಾಮಾನು ಕಣ್ರೀ, ಸ್ವಲ್ಪ ಸರ್ಕೊಳ್ಳಿ."

ಲೈಸೆನ್ಸಿಗೆ ನಾನೂ ಮೂರು ಸಲ ಹೋದೆ. ಮೈದಾನದಲ್ಲಿ ಗಾಡಿ ಓಡಿಸುತ್ತ ಎಂಟು ಬರೆಯಬೇಕಲ್ಲ, ಮೂರು ಸಲವೂ ನನ್ನ ಎಂಟು ಕೂಡಿಕೊಳ್ಳಲಿಲ್ಲ. ಮೂರನೆಯ ಸಲ ಇನ್‌ಸ್ಪೆಕ್ಟರು ನನ್ನ ಚಕ್ರದ ಗುರುತನ್ನು ಬಹಳ ಹೊತ್ತು ನೋಡಿ, "ಇದು ಕನ್ನಡದ ಎಂಟು ಸ್ವಾಮಿ. ನಮಗೆ ಇಂಗ್ಲಿಷಿನ ಎಂಟು ಬೇಕು," ಎಂದು ಬಲು ಗೌರವದಿಂದ ಮನೆಗೆ ಕಳಿಸಿದರು.

ಇದೆಲ್ಲ ನನಗೆ ಬೇಸರವೇನೂ ಆಗಿರಲಿಲ್ಲ. ಬೇಸರವಾಗುತ್ತಿದ್ದದ್ದು ಕೆಸರೆಯಲ್ಲಿ. ಅಲ್ಲಿ ರತ್ನಳ ತಂದೆ ಪುಟ್ಟೇಗೌಡರ ಹಿಟ್ಟಿನ ಗಿರಣಿ ಇದೆ, ಗಿರಣಿಯ ಹಿಂದೆಯೇ ಮನೆ. ಊರಿನಲ್ಲಿದ್ದಾಗ ಎತ್ತಿನ ಗಾಡಿ ಹೊಡೆದವರು, ಸುತ್ತಿನ ಹಳ್ಳಿಗಳಲ್ಲಿ ಯಾರು ಎತ್ತು ಕೊಳ್ಳಬೇಕಾದರೂ ಹಲ್ಲು, ಸುಳಿ ನೋಡಲು ಇವರನ್ನೇ ಕರೆಯುತ್ತಿದ್ದರಂತೆ. ಹಬ್ಬಕ್ಕೆ ನಾವು ಹೋದಾಗಲೆಲ್ಲ ಗಿರಣಿಯ ಬಾಗಿಲಲ್ಲಿ, ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು ಕೂರಿಸಿಕೊಂಡು ನಿಂತಿರುತ್ತಿದ್ದರು.

"ಬನ್ನಿ ಅಳಿಯಂದ್ರೆ. ಈ ಸಲಾನೂ ನಮ್ ಮಗ್ಳು ನಿಮ್ಮನ್ನ ಜ್ವಾಪಾನವಾಗಿ ತಂದವ್ಳೆ."

ಅವರು ಚುಚ್ಚಿ ಹೇಳುವವರಲ್ಲ. ಹಿಟ್ಟಿನ ಮೂಟೆ ಸರಿಯಾಗಿ ಬಂತೇ ಎಂದು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು, ಅಷ್ಟೇ. ಆದರೂ ನನ್ನೊಳಗೆ ಒಂದು ಆಸೆ ಹುಟ್ಟಿ ವರ್ಷವರ್ಷವೂ ಬೆಳೆಯಿತು. ಒಂದೇ ಒಂದು ಸಲ ರತ್ನಳನ್ನು ನಾನು ಹಿಂದೆ ಕೂರಿಸಿಕೊಂಡು ಹೋಗಿ ಆ ಗಿರಣಿಯ ಬಾಗಿಲಲ್ಲಿ ಇಳಿಸಬೇಕು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಪೇಪರಿನ ಮಡಿಕೆಯಿಂದ ಹಳದಿ ಕರಪತ್ರ ಜಾರಿ ಬಿತ್ತು. 'ಲೈಸೆನ್ಸ್ ಬೇಡ! ನೋಂದಣಿ ಬೇಡ! ಪೆಟ್ರೊಲ್ ಬೇಡ!' ಅಭ್ಯಾಸಬಲದಿಂದ ಮೂರು ಸಲ ಓದಿದೆ. ಪೆಟ್ರೋಲಿನ ದೀರ್ಘ ಬಿಟ್ಟುಹೋಗಿತ್ತು. ಮೊದಲನೆಯ 'ಬೇಡ'ದಲ್ಲಿ ಯಾವ ತಪ್ಪೂ ಇರಲಿಲ್ಲ.

ಆ ವಾರವೆಲ್ಲ ಕರಡು ಹಾಳೆಯ ಬೆನ್ನ ಮೇಲೆ ಗೆರೆ ಎಳೆದು ಕೋಷ್ಟಕ ಹಾಕಿದೆ. ನಮ್ಮ ಓಡಾಟವೆಲ್ಲ ಸಣ್ಣದು. ನಜರ್‌ಬಾದಿಗೆ ಹೋಗಿ ಬರುವುದು, ತರಕಾರಿ, ಹಬ್ಬಕ್ಕೆ ಕೆಸರೆ. ಗಾಡಿಯ ಬೆಲೆ, ತೂಕ, ಒಂದು ಚಾರ್ಜಿಗೆ ಎಷ್ಟು ದೂರ, ಕಾಲು ನೆಲಕ್ಕೆ ಎಟುಕುತ್ತದೆಯೇ ಎಂದು ಅಂಕಣ ಮಾಡಿದೆ. ಕಾಲಿನ ಅಂಕಣಕ್ಕೆ ಎರಡು ಗೆರೆ ಎಳೆದೆ. ರತ್ನ ನನ್ನ ಕೆಂಪು ಪೆನ್ನು ಕಿತ್ತುಕೊಂಡು ಕೊನೆಯಲ್ಲಿ ಒಂದು ಅಂಕಣ ಸೇರಿಸಿದಳು: 'ಇಬ್ಬರನ್ನೂ ಎಳೆಯುತ್ತಾ?'

ನಮ್ಮ ಮುದ್ರಣಾಲಯದ ಬೀದಿಯಲ್ಲೇ ಮಹದೇವಪ್ಪ ಎಂಬವರು ಇನ್ವರ್ಟರ್ ಬ್ಯಾಟರಿ ಮಾರುತ್ತಿದ್ದರು. ಹಣೆಯ ತುಂಬ ವಿಭೂತಿ, ಗೋಡೆಯಲ್ಲಿ ಮಠದ ಕ್ಯಾಲೆಂಡರು, ಮಾತಿನಲ್ಲಿ ತೂಕ. ಅವರೂ ಮೂರು ಕರೆಂಟ್ ಗಾಡಿ ತರಿಸಿ ಅಂಗಡಿಯ ಮುಂದೆ ನಿಲ್ಲಿಸಿದ್ದರು. ಒಬ್ಬನೇ ಹೋಗಿ ಕೊಂಡುಬಿಡಬೇಕೆಂದಿದ್ದೆ. ರತ್ನ ಬಿಡಲಿಲ್ಲ.

"ನಮ್ಮಪ್ಪ ನೋಡ್ದೆ ನಮ್ ವಂಶದಲ್ಲಿ ಯಾವ ಗಾಡೀನೂ ಬಂದಿಲ್ಲ."

ಹೀಗೆ ಒಂದು ಭಾನುವಾರ ಬೆಳಿಗ್ಗೆ ಮಾವ ಹೆಗಲಿಗೆ ಟವೆಲು ಹಾಕಿಕೊಂಡು ನಜರ್‌ಬಾದಿಗೆ ಬಂದರು. ಮೂರು ಗಾಡಿಗಳನ್ನೂ ಒಂದು ಸುತ್ತು ಹಾಕಿದರು. ಸೀಟಿನ ಬೆನ್ನು ತಟ್ಟಿದರು, ಬಗ್ಗಿ ಹೊಟ್ಟೆ ನೋಡಿದರು.

"ಯಾವ ಸೀಮೇದು ಇದು?"

"ಸಾಮಾನು ಚೀನಾದ್ದು ಗೌಡ್ರೇ, ಜೋಡಿಸಿದ್ದು ಇಲ್ಲಿ," ಎಂದರು ಮಹದೇವಪ್ಪ.

"ದೂರದ ತಳಿ. ನಮ್ ನೀರು ಒಗ್ತದಾ?"

"ಇದು ನೀರು ಕುಡಿಯಲ್ಲ, ಬರೀ ಕರೆಂಟು."

"ಅದು ನಮ್ ಕೆಸರೇಲಿ ನೀರಿಗಿಂತ ಕಮ್ಮಿ ಬತ್ತದೆ ಕಣಪ್ಪ. ಓಗ್ಲಿ, ಹಲ್ಲೆಷ್ಟು?"

ಮಹದೇವಪ್ಪ ಒಂದು ಗಳಿಗೆ ಯೋಚಿಸಿದರು. "ಬ್ಯಾಟರಿಗೆ ಒಂದು ವರ್ಷ ವಾರಂಟಿ."

"ಹಾಲುಹಲ್ಲು ಅನ್ನು."

ಮೊದಲನೆಯ ಗಾಡಿ ಅಗ್ಗ. ಆದರೆ ಅದಕ್ಕೆ ಸೈಕಲ್ಲಿನ ಹಾಗೆ ಪೆಡಲೂ ಇತ್ತು, ಬ್ಯಾಟರಿ ಮುಗಿದರೆ ತುಳಿಯಬಹುದು. ಮಾವ ನಕ್ಕುಬಿಟ್ಟರು. "ನೇಗಿಲು ಕಟ್ಟಿದ್ ಮ್ಯಾಕೆ ಎತ್ತಿನ್ ಜತೆ ನಾವೂ ಎಳೀಬೇಕಾ?" ಮೂರನೆಯದು ದೊಡ್ಡದು, ಜೋರು, ಸುಂದರ. ಅದಕ್ಕೆ ಲೈಸೆನ್ಸ್ ಬೇಕೆಂದು ತಿಳಿದ ಕೂಡಲೇ ನಾನು ಅದರಿಂದ ಎರಡು ಹೆಜ್ಜೆ ದೂರ ನಿಂತೆ. ಉಳಿದದ್ದು ನಡುವಿನದು. ಬೆಲೆ ನಮ್ಮ ಕೈಗೆ ಎಟುಕುವಂತಿತ್ತು, ನೆಲ ನನ್ನ ಕಾಲಿಗೆ ಎಟುಕುವಂತಿತ್ತು.

"ಎಷ್ಟು ಜೋರಾಗಿ ಓಡ್ತದೆ?"

"ಗಂಟೆಗೆ ಇಪ್ಪತ್ತೈದು ಕಿಲೋಮೀಟರು. ಅದರ ಮೇಲೆ ಹೋಗು ಅಂದ್ರೂ ಹೋಗಲ್ಲ."

"ಹಾಯಾಕಿಲ್ಲ, ಒದೆಯಾಕಿಲ್ಲ. ನಮ್ ಅಳಿಯಂದ್ರಿಗೆ ಏಳಿ ಮಾಡ್ಸಿದ್ದು."

ಇಬ್ಬರನ್ನು ಎಳೆಯುತ್ತಾ ಎಂದು ರತ್ನ ಕೇಳಿದಳು. ಮಹದೇವಪ್ಪ ಎರಡು ಇನ್ವರ್ಟರ್ ಬ್ಯಾಟರಿ ತಂದು ಕಾಲಿಡುವ ಜಾಗದಲ್ಲಿ ಕುಕ್ಕಿದರು, ನನ್ನ ಕೈಗೆ ಹ್ಯಾಂಡಲ್ ಕೊಟ್ಟರು. ಆಕ್ಸಿಲರೇಟರಿನ ಕಿವಿ ತಿರುಗಿಸಿದೆ.

ಒಂದಿಷ್ಟೂ ಸದ್ದಿಲ್ಲ! ಗಾಡಿ ನಿಂತಿದೆ, ನಜರ್‌ಬಾದ್ ತಾನಾಗಿ ನನ್ನ ಕಡೆಗೆ ನಡೆದು ಬರುತ್ತಿದೆ. ಇಷ್ಟು ವರ್ಷ ಪಕ್ಕದಿಂದ ಸರಿದುಹೋಗುತ್ತಿದ್ದ ಊರು ಮೊದಲ ಬಾರಿಗೆ ಎದುರಿನಿಂದ ಬಂತು. ರಸ್ತೆಯ ನಡುವೆ ಮಲಗಿದ್ದ ನಾಯಿಗೆ ನಾನು ಪಕ್ಕದಲ್ಲಿ ಹೋದದ್ದು ತಿಳಿಯಲೇ ಇಲ್ಲ. ನನ್ನ ಮುಂದೆ ಯಾರ ಬೆನ್ನೂ ಇಲ್ಲ! ಬೀದಿಯ ಕೊನೆಯವರೆಗೆ ಹೋದೆ. ಅಲ್ಲಿ ತಿರುಗಿಸಬೇಕಲ್ಲ, ಮತ್ತೆ ಎಂಟಿನ ನೆನಪಾಯಿತು. ಇಳಿದು, ಗಾಡಿಯ ಮೂತಿ ಹಿಡಿದು ತಿರುಗಿಸಿ, ಮತ್ತೆ ಹತ್ತಿ ವಾಪಸು ಬಂದೆ.

ಈಗ ನೋಡಿ, ಎತ್ತು ಕೊಳ್ಳುವ ಯಾರೂ ಏರಿನಲ್ಲಿ ಭಾರ ಎಳೆಸಿ ನೋಡದೆ ಕೊಳ್ಳುವುದಿಲ್ಲ. ಮಾವನೇ ಇದನ್ನು ನೂರು ಸಲ ಹೇಳಿದ್ದಾರೆ. ನಜರ್‌ಬಾದಿನ ಆ ಬೀದಿ ಮಾತ್ರ ತಟ್ಟೆಯ ಹಾಗೆ ಸಮ. ಅದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾವನಿಗಾದರೂ ಹೊಳೆಯಬೇಕಿತ್ತು, ಅಷ್ಟರಲ್ಲಿ ಬೆಲೆಯ ಮಾತು ಬಂದು ಅವರ ಕೈ ಹೆಗಲಿನ ಟವೆಲಿಗೆ ಹೋಗಿತ್ತು.

ಟವೆಲನ್ನು ಕೊಡವಿ ತಮ್ಮ ಬಲಗೈಯ ಮೇಲೆ ಇಳಿಬಿಟ್ಟು, ಆ ಕೈಯನ್ನು ಮಹದೇವಪ್ಪನವರ ಮುಂದೆ ಚಾಚಿದರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿದು ಹೇಳಬೇಕು, ಸುತ್ತ ನಿಂತವರಿಗೆ ತಿಳಿಯಬಾರದು. ನಾನು ನಾಚಿಕೆಯಿಂದ ನೆಲ ನೋಡಿದೆ. ಇದು ಬ್ಯಾಟರಿ ಅಂಗಡಿ, ಬೆಲೆ ಚೀಟಿಯ ಮೇಲೆ ಅಚ್ಚಾಗಿದೆ!

ಮಹದೇವಪ್ಪ ಟವೆಲು ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು.

"ಅಯ್ಯೋ ಗೌಡ್ರೇ! ನಮ್ ತಾತ ದನದ ವ್ಯಾಪಾರ ಮಾಡ್ತಿದ್ರು. ಇದನ್ನ ನೋಡಿ ಎಷ್ಟು ಕಾಲ ಆಗಿತ್ತು!" ಎನ್ನುತ್ತಲೇ ಕೈಯನ್ನು ಟವೆಲಿನ ಕೆಳಗೆ ತೂರಿಸಿದರು.

ಮುಂದಿನ ಐದು ನಿಮಿಷ ವ್ಯಾಪಾರವೆಲ್ಲ ಬೆರಳಿನಲ್ಲೇ ನಡೆಯಿತು. ಟವೆಲು ಒಳಗೆ ಎರಡು ಅಳಿಲು ಸಿಕ್ಕಿಕೊಂಡಂತೆ ಮಿಸುಕುತ್ತಿತ್ತು. ಮಾವನ ಹುಬ್ಬು ಏರಿತು. ಮಹದೇವಪ್ಪ ಇಲ್ಲವೆಂದು ತಲೆಯಾಡಿಸಿದರು. ಮಾವ ಕೈ ಎಳೆದುಕೊಳ್ಳುವಂತೆ ಮಾಡಿದರು, ಮಹದೇವಪ್ಪ ಬಿಡಲಿಲ್ಲ. ಯುಪಿಎಸ್ ರಿಪೇರಿಗೆ ಬಂದವರಿಬ್ಬರು ತಮ್ಮ ಕೆಲಸ ಮರೆತು ನಿಂತರು. ಕೊನೆಗೆ ಇಬ್ಬರೂ ಒಟ್ಟಿಗೆ ನಕ್ಕರು.

"ಆಯ್ತು. ಹಗ್ಗ ಕೊಡು," ಎಂದರು ಮಾವ. ಮಹದೇವಪ್ಪ ಕೀಲಿ ಕೊಟ್ಟರು. "ಮೇವು?" ಎಂದರು ಮಾವ. ಆಗ ಕೈಗೆ ಬಂದದ್ದೇ ಈ ಕಪ್ಪು ಡಬ್ಬಿ. ಉಳಿದ ದುಡ್ಡಿನಲ್ಲಿ ನನಗೊಂದು ಹೆಲ್ಮೆಟ್ಟೂ ಬಂತು. ಯಾವ ಬೆರಳು ಎಷ್ಟೆಂದು ಮಾವ ಇವತ್ತಿನವರೆಗೂ ಹೇಳಿಲ್ಲ.

ಮನೆಗೆ ಬಂದ ಗಾಡಿಗೆ ಮಾವ ಒಂದು ನಿಯಮವನ್ನೂ ಹಾಕಿಕೊಟ್ಟರು. ಸೋಮವಾರ ಬಸವನ ವಾರ, ಅಂದು ಎತ್ತಿಗೆ ನೊಗ ಹೂಡುವುದಿಲ್ಲ, ಇದಕ್ಕೂ ಹೂಡಬಾರದು. ನಾನು ಅದನ್ನು ನಿಷ್ಠೆಯಿಂದ ಪಾಲಿಸಿದೆ. ಸೋಮವಾರಗಳಂದು ಮತ್ತೆ ರತ್ನಳ ಹಿಂದೆ ಕೂತು, ಊಟದ ಡಬ್ಬಿ ಹಿಡಿದು, ಕಾಂಪೌಂಡಿನ ಬೆಕ್ಕುಗಳನ್ನು ಮಾತಾಡಿಸುತ್ತ ನಜರ್‌ಬಾದಿಗೆ ಹೋಗುತ್ತಿದ್ದೆ.

("ಸುಳ್ಳು. ಭಾನುವಾರ ಮಧ್ಯಾಹ್ನ ಮಲಗಿಬಿಟ್ಟು ಚಾರ್ಜಿಗೆ ಹಾಕೋದು ಮರೀತಿದ್ರಿ. ಆಮೇಲೆ ಬಸವಣ್ಣನ ಮೇಲೆ ಹಾಕ್ತಿದ್ರಿ." ಇದು ರತ್ನಳ ತಿದ್ದುಪಡಿ. ಹಾಗೇ ಬಿಟ್ಟಿದ್ದೇನೆ.)

ಗೌರಿ ಹಬ್ಬ ಬಂತು. ಗಾಡಿಗೆ ರಾತ್ರಿಯಿಡೀ ಮೇವು ಹಾಕಿದ್ದೆ. ರತ್ನ ಹಬ್ಬದ ಸೀರೆ ಉಟ್ಟು, ಕಾಲ ಬಳಿ ತೆಂಗಿನಕಾಯಿ ಚೀಲ ಇಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಹಿಂದೆ ಕೂತಳು. ನನ್ನನ್ನು ಹಿಡಿದುಕೊಳ್ಳಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದಳು. ನಂಬಿಕೆ ಅಷ್ಟಕ್ಕಷ್ಟೆ. ಅರ್ಧ ದಾರಿಯವರೆಗೆ ಒಂದೇ ಪಾಠ: "ಎಡಕ್ಕೆ. ಬಸ್ಸು. ಹಾರನ್ ಹೊಡೀರಿ. ಹಸು. ರೀ, ಹಸು!" ಆಮೇಲೆ ದನಿ ನಿಂತುಹೋಯಿತು. ಬಿದ್ದುಹೋದಳೋ ಎಂದು ಹೆದರಿದೆ.

"ರೀ," ಎಂದಳು ಬಹಳ ಹೊತ್ತಿನ ಮೇಲೆ, ಬೇರೆಯೇ ದನಿಯಲ್ಲಿ. "ಆ ಮನೆ ಮಹಡಿ ಮೇಲೆ ನವಿಲಿನ ಬೊಂಬೆ ಇದೆ. ಇಷ್ಟು ವರ್ಷ ಇದೇ ದಾರೀಲಿ ಓಡಾಡಿದೀನಿ, ನೋಡೇ ಇರ್ಲಿಲ್ಲ!"

"ಅದಕ್ಕೆ ಎರಡು ಇದೆ. ಇನ್ನೊಂದು ಹಿಂದುಗಡೆ," ಎಂದೆ ಹೆಮ್ಮೆಯಿಂದ.

ಕೆಸರೆಯಲ್ಲಿ ಗಿರಣಿಗೆ ಸ್ವಲ್ಪ ಮುಂಚೆ ಒಂದು ಏರು ಬರುತ್ತದೆ. ಏರು ಎನ್ನಲೂ ಸಂಕೋಚವಾಗಬೇಕು, ನಡೆದು ಹೋಗುವವರಿಗೆ ಅದು ಇದೆಯೆಂದೇ ತಿಳಿಯದು. ಮೊಪೆಡ್ಡಿನ ಕಾಲದಲ್ಲಿ ನನಗೂ ತಿಳಿದಿರಲಿಲ್ಲ. ಕರೆಂಟ್ ಗಾಡಿಗೆ ತಿಳಿಯಿತು. ಬ್ಯಾಟರಿಯ ಮುಳ್ಳು ಕೆಂಪಿಗೆ ಇಳಿಯಿತು. ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿ ನಮ್ಮನ್ನು ದಾಟಿ ಮುಂದೆ ಹೋದರು. ಅವರ ಕೊನೆಯ ಮೇಕೆಯೂ ದಾಟಿತು. ಗಾಡಿ ನಿಂತಿತು. ಗಿರಣಿ ಕಣ್ಣೆದುರಿಗೇ ಇದೆ, ನನ್ನ ವರ್ಷಗಳ ಆಸೆ ಏರಿನ ಬುಡದಲ್ಲಿ ಸಿಕ್ಕಿಕೊಂಡಿದೆ!

"ಯಾರಾದ್ರೂ ಒಬ್ರು ಇಳೀಬೇಕು," ಎಂದಳು ರತ್ನ.

ಅವಳು ಇಳಿದಳು. ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಚೀಲ ಹಿಡಿದು ನಡೆದಳು. ನಾನು ಅವಳ ನಡಿಗೆಯ ವೇಗದಲ್ಲಿ ಪಕ್ಕದಲ್ಲಿ ಬಂದೆ. ಏರು ಮುಗಿದ ಕಡೆ ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಅವಳು ಸೀರೆ ಸರಿಮಾಡಿಕೊಂಡು ಮತ್ತೆ ಹಿಂದೆ ಕೂತಳು. ಏನೂ ಆಗಿಲ್ಲವೆಂಬಂತೆ, ರಾಜಠೀವಿಯಿಂದ, ನಾನು ಅವಳನ್ನು ಗಿರಣಿಯ ಬಾಗಿಲಲ್ಲಿ ಇಳಿಸಿದೆ.

ಮಾವ ಅಲ್ಲೇ ನಿಂತಿದ್ದರು. ಆಗ ತಿರುಗಿ ನೋಡಿದೆ. ಆ ಬಾಗಿಲಿನಿಂದ ಏರು ಬುಡದಿಂದ ತುದಿಯವರೆಗೆ ಅಂಗೈಯ ಹಾಗೆ ಕಾಣುತ್ತದೆ! ಹಿಂದೆ ಕೂತು ಪಕ್ಕಕ್ಕೆ ನೋಡುತ್ತ ಬರುತ್ತಿದ್ದ ನನಗೆ ಅಷ್ಟು ವರ್ಷ ಅದು ಗೊತ್ತೇ ಆಗಿರಲಿಲ್ಲ. ಮಾವ ಎಲ್ಲವನ್ನೂ ನೋಡಿದ್ದಾರೆ. ಮಾತು ಬೀಳುವುದನ್ನು ಕಾದು ತಲೆ ತಗ್ಗಿಸಿದೆ.

ಮಾವ ನಗಲಿಲ್ಲ. ಗಾಡಿಯ ಮೂತಿ ಸವರಿದರು.

"ಏರು ಬಂದ್ರೆ ಗಾಡಿಯಿಂದ ಇಳ್ದು ನಡೆಯಾದು ನಮ್ ಮನೆ ಪದ್ಧತಿ ಕಣಪ್ಪ. ಎತ್ತಿನ್ ಕಷ್ಟ ಕಂಡೋರು ಇಳೀತಾರೆ. ನಡೀರಿ, ಮೊದ್ಲು ಇದ್ಕೆ ಮೇವು ಹಾಕುವಾ, ಆಮೇಕೆ ನಮ್ಗೆ ಊಟ."

ಗಿರಣಿಯ ಪ್ಲಗ್ಗಿಗೆ ಚಾರ್ಜರ್ ಚುಚ್ಚಿದೆವು. ಕೆಂಪು ದೀಪ ಹತ್ತಿತು.

ಇಲ್ಲಿಗೆ ಮುಗಿಸೋಣವೆಂದಿದ್ದೆ. ಬಹಳ ಚೆನ್ನಾಗಿ ಕೂತಿತ್ತು. ಚೆನ್ನಾಗಿ ಕೂತ ಸಾಲಿನ ಬಗ್ಗೆ ಆಗಲೇ ಹೇಳಿದ್ದೇನಲ್ಲ. ರತ್ನ ಓದಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಇಳಿದಿದ್ದು ನಾನಲ್ಲ, ನೀವು."

"ಏನು?"

"ಏರಲ್ಲಿ ನಿಮ್ಗೆ ಬ್ಯಾಲೆನ್ಸೇ ಸಿಗ್ಲಿಲ್ಲ. ನೀವೇ ಇಳಿದು ಚೀಲ ಹಿಡ್ಕೊಂಡು ನಡೆದ್ರಿ. ನಾನು ಓಡಿಸ್ಕೊಂಡು ಹತ್ತಿಸ್ದೆ. ಹೊಂಗೆ ಮರದ್ ಹತ್ರ 'ಈಗ ಕೊಡು' ಅಂತ ಗಾಡಿ ಇಸ್ಕೊಂಡು ಮುಂದೆ ಕೂತ್ರಿ. ಅಪ್ಪ ಪದ್ಧತಿ ಗಿದ್ಧತಿ ಅಂದಿದ್ದು ನಿಮ್ಮನ್ನೇ ಮೆಚ್ಕೊಂಡು."

ಅವಳು ನಡೆದದ್ದು, ನೆರಿಗೆ ಹಿಡಿದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಗಾಡಿ ನೀಲಿ ಇದ್ದದ್ದೂ ಹಾಗೇ ಕಟ್ಟಿದೆ. ಸಾಕ್ಷಿಗೆ ಕೆಸರೆಗೆ ಫೋನ್ ಮಾಡಿದೆವು. ಗಿರಣಿಯ ಸದ್ದಿನ ನಡುವೆ ಮಾವ ಕೂಗಿ ಹೇಳಿದರು:

"ಇಬ್ರೂ ಇಳಿದ್ರಿ ಕಣವ್ವ! ಗಾಡಿ ಒಂದೇ ಆರಾಮಾಗಿ ಬಂತು, ನೀವಿಬ್ರೂ ತಳ್ಕಂಡ್ ಬಂದ್ರಿ!"

ರತ್ನ ಫೋನ್ ಇಟ್ಟು ಸ್ಕೂಟರಿನ ಕೀಲಿ ತೆಗೆದಳು. ಈಗ ಅವಳದು ಹೊಸ ಪೆಟ್ರೋಲ್ ಸ್ಕೂಟರು. ಕರೆಂಟ್ ಗಾಡಿಯ ಬ್ಯಾಟರಿ ಮುದಿಯಾದ ಮೇಲೆ, ಹೊಸ ಹಲ್ಲು ಕಟ್ಟಿಸುವುದಕ್ಕಿಂತ ಬಿಟ್ಟುಬಿಡುವುದೇ ಅಗ್ಗವೆಂದು ಅದನ್ನು ಮಹದೇವಪ್ಪನವರಿಗೇ ಕೊಟ್ಟೆವು. "ಬನ್ನಿ, ನೀವು ಎಲ್ಲಿ ಇಳಿದ್ರಿ ಅಂತ ಜಾಗಾನೇ ತೋರಿಸ್ತೀನಿ," ಎಂದಳು.

ಹಿಂದೆ ಕೂತೆ. ಕೈ ತಾನಾಗಿ ಊಟದ ಡಬ್ಬಿ ಹುಡುಕಿತು. ಬೆಕ್ಕುಗಳು ಬದಲಾಗಿದ್ದವು. ನವಿಲು ಒಂದೇ ಉಳಿದಿತ್ತು, ಬಣ್ಣ ಹೋಗಿತ್ತು. ಕೆಸರೆ ಬಂತು. ರತ್ನಳ ಭುಜ ಸ್ವಲ್ಪ ಬಿಗಿಯಾಯಿತು. ಹಸು ಇರಲಿಲ್ಲ, ಏರಿನ ಬುಡ.

"ನಿಲ್ಸು," ಎಂದೆ.

ನಿಲ್ಲಿಸಿದಳು. ನಾನು ಇಳಿದುಬಿಟ್ಟೆ.

"ರೀ, ಈ ಗಾಡಿ ಹತ್ತುತ್ತೆ ಕಣ್ರೀ!"

"ಗೊತ್ತು," ಎಂದು ನಡೆಯತೊಡಗಿದೆ.

ಅವಳು ನಗುತ್ತ, ಸ್ಕೂಟರನ್ನು ನನ್ನ ನಡಿಗೆಯ ವೇಗಕ್ಕೆ ಇಳಿಸಿಕೊಂಡು ಪಕ್ಕದಲ್ಲೇ ಬಂದಳು. ಮೇಲೆ ಗಿರಣಿಯ ಬಾಗಿಲಲ್ಲಿ, ಹುಬ್ಬಿನವರೆಗೂ ಬೆಳ್ಳಗಿದ್ದವರೊಬ್ಬರು ನಮ್ಮ ಕಡೆಗೆ ಟವೆಲು ಬೀಸುತ್ತಿದ್ದರು.